ಫೆರಿಸ್ ಮನೆ ಬಾಗಿಲಿಗೆ ಕ್ಯಾಮೆರಾ ಇದ್ದಿದ್ದರೆ

ದಾವಣಗೆರೆಯ ಓದುಗರೊಬ್ಬರ ಪತ್ರ: "ಮೊನ್ನೆ ಭಾನುವಾರ ಪಿಯುಸಿ ಓದುವ ಮಗನ ಜತೆ 'ಫೆರಿಸ್ ಬ್ಯೂಲರ್ಸ್ ಡೇ ಆಫ್' ನೋಡಿದೆ. ಕಾಲೇಜು ದಿನಗಳಲ್ಲಿ ಕ್ಯಾಸೆಟ್ ತಂದು ನೋಡಿ ಬಿದ್ದು ಬಿದ್ದು ನಕ್ಕಿದ್ದ ಚಿತ್ರ. ಮಗ ಮಧ್ಯದಲ್ಲೇ, 'ಬಾಗಿಲಿಗೊಂದು ಕ್ಯಾಮೆರಾ ಇದ್ದಿದ್ರೆ ಹತ್ತೇ ನಿಮಿಷಕ್ಕೆ ಮುಗೀತಿತ್ತು' ಅಂದ. ಆಗ ಇದೆಲ್ಲ ಎಲ್ಲಿತ್ತೋ ಅಂದು ಸುಮ್ಮನಾದೆ. ಕೊನೆಗೆ ಹೆಸರುಗಳು ಬರುತ್ತಿದ್ದಂತೆ ಟಿವಿ ಆರಿಸಿ ಊಟಕ್ಕೆ ಎದ್ದೆವು. ಅವನು ಹೇಳಿದ್ದು ಸರಿಯೇ?"

ನಿಮ್ಮ ಪತ್ರದ ನೆಪದಲ್ಲಿ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಪ್ರೂಫ್ ನೋಡುವ ಕೆಲಸ ಬಾಕಿ ಉಳಿಯಿತು, ಇರಲಿ. ಮಗನ ಮಾತು ಅರ್ಧ ಸರಿ.

ಮೊದಲು ನಿಮ್ಮ ಉತ್ತರ. ಆಗಲೂ ಇತ್ತು ಸ್ವಾಮಿ! ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ಇದ್ದರು. ಬಾಗಿಲಲ್ಲಿ ನಾಲ್ಕು ಕಿಂಡಿ, ಅದರ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೊಂದು ಟಿವಿ. ಗಂಡನ ಜತೆ ಸೇರಿ 1966ರಲ್ಲಿ ಅರ್ಜಿ ಹಾಕಿ, 1969ರಲ್ಲಿ ಪೇಟೆಂಟ್ ಪಡೆದರು. ಆದರೆ ಫೆರಿಸ್‌ನಂಥವರ ಮನೆಗೆ ಅದು ಬಂದಿರಲಿಲ್ಲ.

ನೋಡದವರಿಗಾಗಿ ಎರಡು ಮಾತು. 1986ರ ಚಿತ್ರ, ಜಾನ್ ಹ್ಯೂಸ್ ನಿರ್ದೇಶನ. ಶಿಕಾಗೋ ಹೊರವಲಯದ ಫೆರಿಸ್ ಅಂಗೈ ನೆಕ್ಕಿ ತಣ್ಣಗೆ ಮಾಡಿಕೊಂಡು, ಹುಷಾರಿಲ್ಲ ಎಂದು ಅಪ್ಪ ಅಮ್ಮನನ್ನು ನಂಬಿಸಿ ಶಾಲೆಗೆ ಚಕ್ಕರ್ ಹೊಡೆಯುತ್ತಾನೆ. ಜತೆಗೆ ಗೆಳತಿ ಸ್ಲೋನ್, ಗೆಳೆಯ ಕ್ಯಾಮರನ್ (ಹೆಸರು ಕಾಕತಾಳೀಯ, ನಗಬೇಡಿ). ಊರು ಸುತ್ತಲು ಕ್ಯಾಮರನ್ ಅಪ್ಪನ 1961ರ ಫೆರಾರಿ.

ಹೋಗುವ ಮುನ್ನ ಫೆರಿಸ್ ಹಾಸಿಗೆಯಲ್ಲಿ ಬೊಂಬೆ ಮಲಗಿಸುತ್ತಾನೆ. ಬಾಗಿಲು ತೆಗೆದರೆ ಅದು ಹೊರಳುವಂತೆ ದಾರ, ಸ್ಟೀರಿಯೋದಲ್ಲಿ ಗೊರಕೆ. ಕರೆಗಂಟೆಗೂ ಟೇಪು. ಶಾಲೆಯ ಡೀನ್ ರೂನಿ ಬಂದು ಗಂಟೆ ಒತ್ತಿದರೆ, ಕೆಳಗಿಳಿದು ಬರಲು ಶಕ್ತಿಯಿಲ್ಲ ಎನ್ನುವ ಸೊರಗಿದ ದನಿ ಇಂಟರ್‌ಕಾಮ್‌ನಲ್ಲಿ ಕೇಳುತ್ತದೆ. ರೂನಿ ನಂಬಿ ಮಾತಿಗೆ ಮಾತು ಕೊಡುತ್ತಾನೆ. ಮತ್ತೆ ಒತ್ತಿದಾಗ ಅದೇ ಮಾತು, ಅದೇ ರಾಗ. ಗುಟ್ಟು ರಟ್ಟು.

ಈಗಿನ ಕ್ಯಾಮೆರಾ ಬೆಲ್ ಮಾಡುವುದೂ ಇದನ್ನೇ ಅಲ್ವಾ? ಮನೆಯಲ್ಲಿ ಇಲ್ಲದವನು ಇದ್ದಂತೆ ಮಾತಾಡುವುದು. ಫೆರಿಸ್‌ಗೆ ಟೇಪೇ ಬೇಕಾಗುತ್ತಿರಲಿಲ್ಲ. ರಿಗ್ಲಿ ಫೀಲ್ಡ್‌ನಲ್ಲಿ ಬೇಸ್‌ಬಾಲ್ ನೋಡುತ್ತಾ ಫೋನ್ ತೆಗೆದು ಎರಡು ಸಲ ಕೆಮ್ಮಿದರೆ ಆಯಿತು. ಅಪ್ಪ ಅಮ್ಮ ವಿಡಿಯೋ ನೋಡಿಬಿಟ್ಟರೆ? ಶಾಲೆಯ ಕಂಪ್ಯೂಟರಿಗೆ ನುಗ್ಗಿ, ರೂನಿಯ ಕಣ್ಣೆದುರೇ ಒಂಬತ್ತು ಗೈರುಹಾಜರಿಯನ್ನು ಎರಡಕ್ಕೆ ಇಳಿಸುವ ಹುಡುಗ ಇವನು. ಮನೆಯ ಪಾಸ್‌ವರ್ಡ್ ಯಾರ ಕೈಲಿರುತ್ತೆ, ನಿಮ್ಮ ಮನೆಯಲ್ಲೇ ನೋಡಿ. ಇನ್ನೊಂದು ವಿಷಯ. ನಮ್ಮ ಮನೆ ಬಾಗಿಲಿಗೂ ಒಂದು ಕ್ಯಾಮೆರಾ ಹಾಕಿಸಿದ್ದೇವೆ. ಮೊದಲ ವಾರ ಟಿಂಗ್ ಅಂದಾಗಲೆಲ್ಲ ನೋಡುತ್ತಿದ್ದೆ. ಹಾಲಿನವನು, ಎದುರು ಮನೆ ಬೆಕ್ಕು, ಗಾಳಿಗೆ ಅಲ್ಲಾಡುವ ದಾಸವಾಳದ ಕೊಂಬೆ. ಎರಡನೇ ವಾರ ಸದ್ದು ಆಫ್ ಮಾಡಿದೆ. ಮಗನನ್ನು ಕಣ್ಮುಚ್ಚಿ ನಂಬುವ ಫೆರಿಸ್ ಅಮ್ಮ ನನಗಿಂತ ಜಾಸ್ತಿ ನೋಡುತ್ತಿದ್ದಳು ಅಂತ ನನಗನ್ನಿಸುವುದಿಲ್ಲ.

ಹಾಗಂತ ಕಥೆ ಉಳಿಯುತ್ತಿತ್ತೇ? ಇಲ್ಲ. ಅದು ಹರಿದುಹೋಗುವುದು ಫೆರಿಸ್‌ನ ಸೋದರಿ ಜೀನಿಯ ಕಡೆಯಿಂದ. ರೂನಿ ಕದ್ದು ಮನೆಯೊಳಗೆ ನುಗ್ಗುತ್ತಾನೆ. ಜೀನಿ ಅಡುಗೆಮನೆಯಲ್ಲಿ ಅವನ ಮುಖಕ್ಕೇ ಒದ್ದು ಪೊಲೀಸರಿಗೆ ಫೋನ್ ಮಾಡುತ್ತಾಳೆ. ಅವರು ಸುಳ್ಳು ಕರೆ ಎಂದು ಅವಳನ್ನೇ ಠಾಣೆಗೆ ಒಯ್ಯುತ್ತಾರೆ. ಫೆರಿಸ್ ಮೇಲಿದ್ದ ಅವಳ ಹೊಟ್ಟೆಕಿಚ್ಚು ಇಳಿಯುವುದು ಅಲ್ಲಿ, ಪಕ್ಕದಲ್ಲಿ ಕೂತ ಒಬ್ಬ ಪುಂಡ ಹುಡುಗನ ಜತೆ ಮಾತಾಡಿ. ಸಂಜೆ ಹಿತ್ತಲ ಬಾಗಿಲಲ್ಲಿ ರೂನಿಯ ಕೈಗೆ ಸಿಕ್ಕಿಬಿದ್ದ ಫೆರಿಸ್‌ನನ್ನು ಬಿಡಿಸುವವಳು ಅವಳೇ. ಈಗ ಕ್ಯಾಮೆರಾ ಇಟ್ಟು ನೋಡಿ. ರೂನಿ ನುಗ್ಗಿದ್ದಕ್ಕೆ ವಿಡಿಯೋ ಸಾಕ್ಷಿ ಇದೆ. ಜೀನಿ ಠಾಣೆಗೆ ಹೋಗುವುದಿಲ್ಲ, ಆ ಹುಡುಗ ಸಿಗುವುದಿಲ್ಲ, ಸಿಟ್ಟು ಇಳಿಯುವುದಿಲ್ಲ. ರೂನಿಯನ್ನು ಪೊಲೀಸರು ಒಯ್ದಿರುತ್ತಾರೆ, ಸರಿ. ಆದರೆ ಹಿತ್ತಲ ಬಾಗಿಲಲ್ಲಿ ಮೊಬೈಲ್ ಹಿಡಿದು ಜೀನಿಯೇ ಕಾಯುತ್ತಿರುತ್ತಾಳೆ!

ನಿಜವಾದ ನಷ್ಟ ಕ್ಯಾಮರನ್‌ದು. ಅವನಪ್ಪ ಇಡೀ ಚಿತ್ರದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಕಾರನ್ನು ಓಡಿಸುವುದಿಲ್ಲ, ಒರೆಸುತ್ತಾನೆ. ಎಷ್ಟು ಮೈಲಿ ಓಡಿದೆ ಎನ್ನುವುದು ಅವನಿಗೆ ಬಾಯಿಪಾಠ. ಆ ಮೀಟರೇ 1986ರ ಕ್ಯಾಮೆರಾ. ಹುಡುಗರು ಕಾರಿನ ಹಿಂದಿನ ಗಾಲಿಗಳನ್ನು ಜ್ಯಾಕ್ ಮೇಲೆ ಎತ್ತಿ, ರಿವರ್ಸ್ ಗೇರಿನಲ್ಲಿ ಓಡಿಸಿ ಮೈಲಿ ಇಳಿಸಲು ನೋಡುತ್ತಾರೆ. ಇಳಿಯುವುದಿಲ್ಲ. ಕ್ಯಾಮರನ್ ರೇಗಿ ಕಾರಿಗೆ ಒದೆಯುತ್ತಾನೆ, ಒದೆಯುತ್ತಲೇ ಇರುತ್ತಾನೆ. ಸುಸ್ತಾಗಿ ಒರಗಿದಾಗ ಕಾರು ಜ್ಯಾಕ್‌ನಿಂದ ಜಾರಿ, ಗಾಜು ಒಡೆದುಕೊಂಡು ಹಿಂದಿನ ಕೊರಕಲಿಗೆ ಬೀಳುತ್ತದೆ. ತಪ್ಪು ನನ್ನದೆಂದು ಹೇಳುತ್ತೇನೆ ಅಂತ ಫೆರಿಸ್ ಮುಂದೆ ಬಂದರೂ ಕ್ಯಾಮರನ್ ಒಪ್ಪುವುದಿಲ್ಲ. ಅಪ್ಪನ ಎದುರು ತಾನೇ ನಿಲ್ಲುತ್ತೇನೆ ಅನ್ನುತ್ತಾನೆ.

ಇಂಥ ಅಪ್ಪ ಮೊದಲ ಕ್ಯಾಮೆರಾವನ್ನು ಗ್ಯಾರೇಜಿಗೇ ಹಾಕಿಸುತ್ತಿದ್ದ. ಬೆಳಗ್ಗೆಯೇ ಅವನ ಫೋನು ಟಿಂಗ್ ಅನ್ನುತ್ತಿತ್ತು. ಇಲ್ಲಿ ನಿಮ್ಮ ಮಗನ ಹತ್ತು ನಿಮಿಷದ ಲೆಕ್ಕ ಸರಿ. ಸಂಜೆಯೇ ನೋಡಿದ ಅಂತಿಟ್ಟುಕೊಳ್ಳಿ, ಆಗಲೂ ಕ್ಯಾಮರನ್ ಬಾಯಿ ತೆರೆಯುವ ಮೊದಲೇ ಅಪ್ಪನಿಗೆ ಎಲ್ಲ ಗೊತ್ತಿರುತ್ತಿತ್ತು. ಆ ಹುಡುಗನಿಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ.

ಅಂದ ಹಾಗೆ, ಊಟಕ್ಕೆ ಬೇಗ ಎದ್ದುಬಿಟ್ಟಿರಿ. ಹೆಸರುಗಳು ಓಡುವಾಗ ರೂನಿ ಹರಿದ ಬಟ್ಟೆಯಲ್ಲಿ ಮಕ್ಕಳ ಸ್ಕೂಲ್ ಬಸ್ ಹತ್ತುತ್ತಾನೆ. ಎಲ್ಲ ಮುಗಿದ ಮೇಲೆ ಫೆರಿಸ್ ಸ್ನಾನದ ನಿಲುವಂಗಿಯಲ್ಲಿ ಬಂದು, ಇನ್ನೂ ಇಲ್ಲೇ ಇದ್ದೀರಾ, ಮುಗೀತು, ಮನೆಗೆ ಹೋಗಿ ಎಂದು ನೇರ ಕ್ಯಾಮೆರಾ ನೋಡಿ ಹೇಳುತ್ತಾನೆ. ಅದನ್ನು ಮಗನಿಗೆ ತೋರಿಸಿ.