ಸೇಬಿನ ಗೊಜ್ಜು ಕಪಾಟಿಗಲ್ಲ, ಫ್ರೀಜರಿಗೆ

ಅಮೆರಿಕದಲ್ಲಿರುವ ಕನ್ನಡಿಗರ ಹಿತ್ತಲಿನ ಸೇಬಿನ ಮರಗಳು ದಸರೆಯ ಹೊತ್ತಿಗೆ ಒಂದೇ ಸಲಕ್ಕೆ ಹಣ್ಣು ಸುರಿಯುತ್ತವೆ. ಅದರ ಹಿಂದೆಯೇ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಈ ಸಲದವುಗಳಲ್ಲಿ ಒಂದು ಜೀವಕ್ಕೇ ಸಂಬಂಧಿಸಿದ್ದು, ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಒಂದಷ್ಟು ಸೇಬಿಗೆ ಬೆಳ್ಳುಳ್ಳಿ, ಎಳ್ಳು, ಕೊಬ್ಬರಿ, ಹುಣಸೆ ರಸ ಹಾಕಿ ಗೊಜ್ಜು ಮಾಡಿದೆವು, ಉಳಿದದ್ದನ್ನು ಬರೀ ಬೇಯಿಸಿ ಸಾಸ್ ಮಾಡಿದೆವು. ಕುದಿಕುದಿಯುವಾಗಲೇ ಜಾಡಿಗೆ ತುಂಬಿ, ಮುಚ್ಚಿ, ತಲೆಕೆಳಗಾಗಿ ಇಟ್ಟೆವು. ಮುಚ್ಚಳ ಗಟ್ಟಿಯಾಗಿ ಕೂತಿದೆ. ಮೂರು ವಾರದಿಂದ ಕಪಾಟಿನಲ್ಲಿದೆ. ವರ್ಷ ಬರುತ್ತದೆಯೇ? (ಡೆನ್ವರ್)

ಎರಡನ್ನೂ ಎಸೆಯಿರಿ. ಗೊಜ್ಜನ್ನಂತೂ ರುಚಿ ನೋಡಲೂ ಬೇಡಿ. ಮುಚ್ಚಳ ಕೂತಿದೆ ಎಂದರೆ ಒಳಗೆ ಗಾಳಿಯಿಲ್ಲ ಎಂದಷ್ಟೇ ಅರ್ಥ. ಬಾಟ್ಯುಲಿಸಮ್ ಎಂಬ ಜೀವಕ್ಕೇ ಅಪಾಯದ ಆಹಾರವಿಷ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಗಾಳಿಯಿಲ್ಲದ ಜಾಗವೇ. ಅದರ ಬೀಜಕಣಗಳು ಕುದಿಯುವ ನೀರಿನಲ್ಲಿ ಸಾಯುವುದಿಲ್ಲ. ವಿಷ ಹುಟ್ಟಿದ ಮೇಲೆ ವಾಸನೆ, ಬಣ್ಣ ಕೆಡಲೇಬೇಕೆಂದೂ ಇಲ್ಲ.

ಅದನ್ನು ತಡೆಯುವುದು ಹುಳಿ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕಡಿಮೆಯಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಸೇಬಿನದು ಸಾಮಾನ್ಯವಾಗಿ 3.3ರಿಂದ 4.0. ಬರೀ ಸೇಬಾದರೆ ಬಾಟ್ಯುಲಿಸಮ್‌ಗೆ ಈ ಕಾವಲು ಸಾಕು; ಸಾಸನ್ನೂ ಎಸೆಯಿರಿ ಎಂದದ್ದು ಮುಚ್ಚಿದ ಜಾಡಿಯನ್ನು ನೀವು ನೀರಿನಲ್ಲಿ ಕುದಿಸದ ಕಾರಣಕ್ಕೆ. ಬೆಳ್ಳುಳ್ಳಿ, ಎಳ್ಳು, ಕೊಬ್ಬರಿ ಸೇರಿದ ಕೂಡಲೇ ಹುಳಿ ತೆಳುವಾಗುತ್ತದೆ, ಎಷ್ಟೆಂದು ನಾಲಿಗೆಗೆ ತಿಳಿಯುವುದಿಲ್ಲ. ಹುಣಸೆ ರಸ ಹಾಕಿದ್ದೇವೆ ಎನ್ನುತ್ತೀರಿ. ಅಳತೆಯಿಲ್ಲದ ಹುಳಿಯನ್ನು ನಂಬಿ ಜಾಡಿ ಮುಚ್ಚಬಾರದು. ಊರಿನ ಮಾವಿನಕಾಯಿ ಉಪ್ಪಿನಕಾಯಿ ಕೆಡುವುದಿಲ್ಲವಲ್ಲ ಎಂಬ ವಾದವೂ ಬೇಡ. ಅದರಲ್ಲಿ ಹಿಡಿಗಟ್ಟಲೆ ಉಪ್ಪಿದೆ, ನಿಮ್ಮ ಗೊಜ್ಜಿನಲ್ಲಿರುವುದು ಚಮಚದ ಲೆಕ್ಕ.

ಗೊಜ್ಜು ಫ್ರಿಜ್‌ನಲ್ಲಿ 3–4 ದಿನ, ಅದಕ್ಕೂ ಹೆಚ್ಚು ಬೇಕಾದರೆ ಫ್ರೀಜರ್. ಇದಕ್ಕಿಂತ ಒಳ್ಳೆಯದು, ಬೇಯಿಸಿದ ಬರೀ ತಿರುಳನ್ನು ಅರ್ಧರ್ಧ ಲೀಟರಿನ ಡಬ್ಬಿಗಳಲ್ಲಿ, ಮೇಲೆ ಎರಡು ಸೆಂಟಿಮೀಟರ್ ಜಾಗ ಬಿಟ್ಟು, ಹೆಪ್ಪುಗಟ್ಟಿಸಿ. ಬೇಕಾದ ದಿನ ಕರಗಿಸಿ, ಎಳ್ಳು ಕೊಬ್ಬರಿ ಹಾಕಿ, ಒಗ್ಗರಣೆ ಕೊಡಿ. ಒಗ್ಗರಣೆಯ ಘಮ ಹೇಗೂ ಫ್ರೀಜರಿನಲ್ಲಿ ಉಳಿಯುವುದಿಲ್ಲ.

ಕಪಾಟಿನಲ್ಲಿ ಇಡಬಹುದಾದದ್ದು ಬರೀ ಸಾಸ್. ಒಂದು ಬುಶೆಲ್ (48 ಪೌಂಡ್) ಸೇಬಿಗೆ 14ರಿಂದ 19 ಕ್ವಾರ್ಟ್ (ಒಂದು ಕ್ವಾರ್ಟ್ ಎಂದರೆ ಲೀಟರಿಗೆ ಕೊಂಚ ಕಡಿಮೆ) ಬರುತ್ತದೆ. ಸಿಪ್ಪೆ, ಬೀಜದ ಗೂಡು ತೆಗೆದು ಹೆಚ್ಚಿ, ದೊಡ್ಡ ಪಾತ್ರೆಗೆ ಅರ್ಧ ಕಪ್ ನೀರು ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ತಳಿ ನೋಡಿಕೊಂಡು 5ರಿಂದ 20 ನಿಮಿಷ. ಮಸೆದು ಮತ್ತೆ ಕೊತಕೊತ ಕುದಿಸಿ. ಬಿಸಿ ಮೇಸನ್ ಜಾಡಿಗೆ (ಹೀಗೆ ಕುದಿಸಿ ಇಡಲೆಂದೇ ಮಾಡಿದ ಗಾಜಿನ ಜಾಡಿ) ಅರ್ಧ ಇಂಚು ಬಿಟ್ಟು ತುಂಬಿ, ಬಾಯಿಯ ಅಂಚು ಒರೆಸಿ, ಹೊಸ ಮುಚ್ಚಳ ಹಾಕಿ. ಪಾಸ್ತಾ ಸಾಸಿನ ಖಾಲಿ ಬಾಟಲಿ, ಹಳೆಯ ಮುಚ್ಚಳ ಬೇಡ.

ಆಮೇಲೆ ನೀವು ಬಿಟ್ಟ ಹಂತ. ಜಾಡಿಯ ಮೇಲೆ ಒಂದು ಇಂಚಾದರೂ ನೀರು ನಿಲ್ಲುವಂತೆ ಮುಳುಗಿಸಿ ಕುದಿಸಬೇಕು. ನೀರು ಪೂರ್ತಿ ಕುದಿ ಬಂದ ಮೇಲೆ ಗಡಿಯಾರ ನೋಡಿ. ಸಾವಿರ ಅಡಿ ಎತ್ತರದವರೆಗಿನ ಊರುಗಳಲ್ಲಿ ಪೈಂಟ್ (ಅರ್ಧ ಕ್ವಾರ್ಟ್) ಜಾಡಿಗೆ 15 ನಿಮಿಷ, ಕ್ವಾರ್ಟಿಗೆ 20. ಡೆನ್ವರ್ 5,280 ಅಡಿ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಹಾಗಾಗಿ ನಿಮಗೆ ಪೈಂಟಿಗೆ 20, ಕ್ವಾರ್ಟಿಗೆ 30 ನಿಮಿಷ. ತಗ್ಗಿನಲ್ಲಿರುವ ನ್ಯೂಜೆರ್ಸಿಯ ಗೆಳತಿ ಯಾರಾದರೂ ಹೇಳಿದ ಲೆಕ್ಕ ನಿಮಗೆ ನಡೆಯುವುದಿಲ್ಲ. ಉರಿ ಆರಿಸಿ ಐದು ನಿಮಿಷ ಬಿಟ್ಟು ಎತ್ತಿ. ಅವಸರಪಟ್ಟರೆ ಸಾಸ್ ಮುಚ್ಚಳದ ಸಂದಿಯಿಂದ ಉಕ್ಕಿ, ಅಂಚಿಗೆ ಅಂಟಿ, ಮುಚ್ಚಳ ಕೂರುವುದಿಲ್ಲ. 12 ಗಂಟೆ ಮುಟ್ಟಬೇಡಿ, ಮುಚ್ಚಳವನ್ನು ಹಿಡಿದಿಡುವ ತಿರುಪಿನ ಬಳೆಯನ್ನು ಮತ್ತೆ ಬಿಗಿ ಮಾಡಬೇಡಿ. ಮರುದಿನ ಮುಚ್ಚಳದ ನಡುವನ್ನು ಒತ್ತಿ ನೋಡಿ. ಮೇಲೆ ಕೆಳಗೆ ಆಡಿದರೆ ಆ ಜಾಡಿ ಫ್ರಿಜ್‌ಗೆ.

ಹೆಚ್ಚಿದ ಸೇಬು ಕಂದಾಗುವುದು ಕಬ್ಬಿಣಾಂಶದಿಂದ ತಾನೇ?

ಅಲ್ಲ, ಕಿಣ್ವಕ್ಕೆ ಗಾಳಿ ತಾಗಿ. 100 ಗ್ರಾಂ ಸೇಬಿನಲ್ಲಿ ಕಬ್ಬಿಣ ಇರುವುದು ಸುಮಾರು 0.1 ಮಿಲಿಗ್ರಾಂ. ಇದೊಂದು ಮಾತನ್ನು ನಂಬಿ ರಕ್ತಹೀನತೆಯಿರುವ ಹೆಂಗಸರು ಮಾತ್ರೆ ಬಿಟ್ಟು ಸೇಬು ತಿನ್ನುತ್ತಾರೆ, ದಯವಿಟ್ಟು ಬೇಡ.

ಮನೆಯಲ್ಲೇ ಮಾಡಿದ ಸೇಬಿನ ವಿನೆಗರ್‌ನಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದಂತೆ?

ಇಲ್ಲ. ಔಷಧಿ ನಿಲ್ಲಿಸಿ ಎನ್ನುವ ವಿಡಿಯೊ ವೈದ್ಯರಿಂದ ದೂರವಿರಿ. ಆ ವಿನೆಗರನ್ನು ಜಾಡಿ ಕಟ್ಟುವ ಉಪ್ಪಿನಕಾಯಿಗೂ ಬಳಸಬೇಡಿ. ಅದಕ್ಕೆ 5 ಶೇಕಡಾ ಆಮ್ಲ ಬೇಕು, ಮನೆಯದರಲ್ಲಿ ಎಷ್ಟಿದೆಯೆಂದು ಯಾರೂ ಅಳೆದಿರುವುದಿಲ್ಲ.

ನೆಲಕ್ಕೆ ಬಿದ್ದ ಹಣ್ಣು?

ಪೆಟ್ಟಾಗಿದ್ದರೆ ಆ ಭಾಗ ಕೊಯ್ದು ತೆಗೆದು, ಉಳಿದದ್ದನ್ನು ಅಂದೇ ಬೇಯಿಸಿ. ಹುಳು ಕೊರೆದಿದ್ದರೆ ಸುರಂಗ ತೆಗೆದರಾಯಿತು. ಬೂಷ್ಟು ಬಂದದ್ದನ್ನು ಇಡಿಯಾಗಿ ಎಸೆಯಿರಿ. ಬೂಷ್ಟು ಬಿಡುವ ಪ್ಯಾಟುಲಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ. ಜಿಂಕೆ, ನಾಯಿ ಓಡಾಡುವ ಹಿತ್ತಲಿನ ಬಿದ್ದ ಹಣ್ಣಿನ ಹಸಿ ರಸವನ್ನು ಮಕ್ಕಳಿಗೆ ಕೊಡಲೇಬೇಡಿ.

ಆಲೂಗಡ್ಡೆ ಮೂಟೆಯ ಪಕ್ಕದಲ್ಲೇ ಇಡಬಹುದೇ?

ಬೇಡ. ಸೇಬು ಬಿಡುವ ಎಥಿಲೀನ್ ಎಂಬ ಅನಿಲದಿಂದ ಆಲೂಗಡ್ಡೆ ಕೆಡುತ್ತದೆ, ಆಲೂಗಡ್ಡೆಯ ಮಣ್ಣಿನ ವಾಸನೆ ಸೇಬಿಗೆ ಹತ್ತುತ್ತದೆ. ತೊಟ್ಟು ಸಮೇತ ಕಿತ್ತ, ಒಂದೂ ಗಾಯವಿಲ್ಲದ ಹಣ್ಣನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ 0–4 ಡಿಗ್ರಿಯಲ್ಲಿಡಿ. ವಾರಕ್ಕೊಮ್ಮೆ ಬಿಡಿಸಿ ನೋಡಿ ಕೊಳೆತದ್ದನ್ನು ತೆಗೆಯಿರಿ.