ಲೈಟ್‌ರೂಮ್ ಇರುವಾಗ ಲೆನ್ಸ್ ಫಿಲ್ಟರ್‌ಗೆ ದುಡ್ಡು ಹಾಕಬೇಕಾ?

ಫೋಟೋ ತಿದ್ದುವ ಲೈಟ್‌ರೂಮ್ ತಂತ್ರಾಂಶ ಇರುವಾಗ ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಗಾಜು ಕೊಳ್ಳಬೇಕಾ ಅಂತ ಕೇಳಿದ್ದೀರಿ. ಕ್ಯಾಮೆರಾ ಜೊತೆಗೇ ಬರುವ ಕ್ಯಾನನ್ 18-55 ಕಿಟ್ ಲೆನ್ಸು, ಅಂಗಡಿಯವರು ಮುಂದಿಟ್ಟ ಮೂರು ಫಿಲ್ಟರಿನ ಡಬ್ಬಿ, "ಎಲ್ಲಾ ಲೈಟ್‌ರೂಮಲ್ಲೇ ಆಗುತ್ತೆ ಬಿಡೋ" ಅನ್ನುವ ಗೆಳೆಯ. ನಿಮ್ಮ ಪ್ರಶ್ನೆಯಲ್ಲಿರುವ ಈ ಮೂರೂ ಒಂದು ಕಾಲದಲ್ಲಿ ನನ್ನ ಸುತ್ತಲೂ ಇದ್ದವು. ನಾನು ಗೆಳೆಯನ ಮಾತು ಕೇಳದೆ ಫಿಲ್ಟರ್ ಕೊಂಡೆ. ಕೊಂಡೂ ಕೆಟ್ಟೆ.

ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಗೆ ಫೋಟೋ ತೆಗೆಯುವ ಕೆಲಸ. ಆಗಸ್ಟ್ ತಿಂಗಳು, ಮಳೆ ಆಗಷ್ಟೇ ನಿಂತಿತ್ತು, ಮೋಡ ಇನ್ನೂ ಕವಿದೇ ಇತ್ತು. ಮನೆ ಹಿಂದಿನ ಹಳ್ಳ, ಎರಡು ದಡದಲ್ಲೂ ಜರೀಗಿಡ, ಪಾಚಿ ಹಿಡಿದ ಬಂಡೆ. ಟ್ರೈಪಾಡ್ ಮೇಲೆ ಕ್ಯಾಮೆರಾ, ಐಎಸ್‌ಒ (ಬೆಳಕು ಹಿಡಿಯುವ ಸೆನ್ಸರಿನ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಂಡಿಯ ಅಳತೆ) 8. ಪೋಲರೈಸರ್ (ಅಂಗಡಿಯಲ್ಲಿ ಸಿಪಿಎಲ್ ಅನ್ನುತ್ತಾರೆ, ಸರ್ಕ್ಯುಲರ್ ಪೋಲರೈಸರ್ ಅಂತ) ಹಾಕಿ ಅದರ ಮುಂದಿನ ಉಂಗುರವನ್ನು ನಿಧಾನಕ್ಕೆ ತಿರುಗಿಸಿದರೆ ಎಲೆಗಳ ಮೇಲಿನ ಬಿಳಿ ಹೊಳಪು ಒರೆಸಿದ ಹಾಗೆ ಹೋಯಿತು, ನೀರಿನ ತಳದ ಕಲ್ಲುಗಳು ಎದ್ದು ಬಂದವು. ಅಡ್ಡ ಫೋಟೋ ಹತ್ತಾರು ತೆಗೆದೆ. ಬ್ರೋಷರ್‌ನ ಮುಖಪುಟಕ್ಕೆ ಉದ್ದದ್ದು ಬೇಕಿತ್ತು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಹಾಗೇ ಪಕ್ಕಕ್ಕೆ ಮಲಗಿಸಿ ಮತ್ತೆ ಇಪ್ಪತ್ತು ಹೊಡೆದೆ. ಕೆಟ್ಟಿದ್ದು ಅಲ್ಲೇ.

ಪೋಲರೈಸರ್ ಲೆನ್ಸಿಗೆ ಅಂಟಿಕೊಂಡಿರುತ್ತದೆ. ಕ್ಯಾಮೆರಾ 90 ಡಿಗ್ರಿ ತಿರುಗಿದರೆ ಅದೂ 90 ಡಿಗ್ರಿ ತಿರುಗಿತು ಅಂತಲೇ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ್ದು ಮುಂದಿನದು. ನೀರಿನಂಥ ಮಟ್ಟಸವಾದ ಮೈಯಿಂದ ಚಿಮ್ಮುವ ಹೊಳಪಿನ ಬೆಳಕು ಹೆಚ್ಚಾಗಿ ಅಡ್ಡಡ್ಡವಾಗಿ ಕಂಪಿಸುತ್ತಿರುತ್ತದೆ. ಪೋಲರೈಸರ್ ಉದ್ದುದ್ದ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸ್ಥಾನದಲ್ಲಿದ್ದರೆ ಆ ಹೊಳಪು ಸಾಯುತ್ತದೆ. ಅದೇ ಫಿಲ್ಟರ್ 90 ಡಿಗ್ರಿ ತಿರುಗಿತೋ, ಹೊಳಪು ಹೆಚ್ಚುಕಮ್ಮಿ ಪೂರ್ತಿ ಒಳಗೆ ಬರುತ್ತದೆ. ಆದರೆ ಎಲೆಯ ಹಸಿರು, ಕಲ್ಲಿನ ಕಂದು ಇವೆಲ್ಲ ಎಲ್ಲಾ ದಿಕ್ಕಿಗೂ ಕಂಪಿಸುವ ಸಾದಾ ಬೆಳಕು. ಫಿಲ್ಟರ್ ಹೇಗೇ ತಿರುಗಿರಲಿ, ಅದರಲ್ಲಿ ಅರ್ಧ ಮಾತ್ರ ದಾಟುತ್ತದೆ. ಹಾಗಾಗಿ ತಪ್ಪು ಸ್ಥಾನದಲ್ಲಿ ಬಣ್ಣ ಅರ್ಧ, ಹೊಳಪು ಪೂರ್ತಿ. ಕ್ಯಾಮೆರಾದ ಮೀಟರ್ "ಕತ್ತಲಾಯಿತು" ಅಂತ ಶಟರ್ ಹೆಚ್ಚು ಹೊತ್ತು ತೆರೆದಿಡುತ್ತದೆ, ಬಣ್ಣ ಸರಿಹೋಗುತ್ತದೆ, ಹೊಳಪು ಮಾತ್ರ ಫಿಲ್ಟರೇ ಇಲ್ಲದಾಗ ಇದ್ದದ್ದಕ್ಕಿಂತ ಸುಮಾರು ಎರಡು ಪಟ್ಟಾಗುತ್ತದೆ. ಅಂದರೆ ಬರಿಗೈಯಲ್ಲಿ, ಬರೀ ಲೆನ್ಸಿನಲ್ಲಿ ತೆಗೆದಿದ್ದರೂ ಆ ಇಪ್ಪತ್ತು ಫೋಟೋ ಅದಕ್ಕಿಂತ ಚೆನ್ನಾಗಿರುತ್ತಿದ್ದವು.

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಏನೂ ಗೊತ್ತಾಗಲಿಲ್ಲ. ಯಜಮಾನರು ಲ್ಯಾಪ್‌ಟಾಪಿನಲ್ಲಿ ನೋಡಿ, "ಎಂತ ಮಾರಾಯ್ರೆ, ಉದ್ದದ್ದರಲ್ಲಿ ಎಲೆ ಮೇಲೆಲ್ಲ ಸುಣ್ಣ ಚೆಲ್ಲಿದ ಹಾಗೆ ಕಾಣ್ತದಲ" ಅಂದರು.

ಆಮೇಲೆ ನಿಮ್ಮ ಗೆಳೆಯ ಹೇಳುವ ಕೆಲಸ ಶುರು. ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫೈಲೇ ಇತ್ತು. ಲೈಟ್‌ರೂಮಿನ ಸ್ಲೈಡರುಗಳನ್ನು ಎಳೆದೆ: ಹೈಲೈಟ್ಸ್ ಮೈನಸ್ 100, ಡೀಹೇಜ್ 40, ಹಸಿರಿನ ಲೂಮಿನೆನ್ಸ್ (ಆ ಬಣ್ಣದ ಬೆಳಕಿನ ಮಟ್ಟ) ಕೆಳಗೆ. ಬಿಳಿ ಹೋಗಿ ಬೂದಿ ಬಂತು. ಯಾಕೆಂದರೆ ಹೊಳಪು ಅನ್ನುವುದು ಎಲೆಯ ಬೆಳಕಲ್ಲ, ಎಲೆಯ ಮೇಲೆ ಬಿದ್ದ ಆಕಾಶದ ಪ್ರತಿಬಿಂಬ. ಅದು ಗಾಢವಾಗಿರುವ ಜಾಗದಲ್ಲಿ ಎಲೆಯ ಹಸಿರು ಸೆನ್ಸರಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ದಾಖಲಾಗಿರುವುದೇ ಇಲ್ಲ. ಇಲ್ಲದ್ದನ್ನು ಸ್ಲೈಡರ್ ಎಲ್ಲಿಂದ ತರಬೇಕು? ಈಗ ರಾ ಫೈಲ್ ತಿದ್ದುವ ಅಡೋಬಿ ಕ್ಯಾಮೆರಾ ರಾ ತಂತ್ರಾಂಶದಲ್ಲಿ ಕಿಟಕಿ ಗಾಜಿನ ಪ್ರತಿಬಿಂಬ ತೆಗೆಯುವ ಸೌಲಭ್ಯ ಬಂದಿದೆ ನಿಜ, ಆದರೆ ಅದು ಗಾಜಿನ ಹಿಂದೆ ಏನಿದ್ದೀತು ಎಂದು ಊಹಿಸಿ ತುಂಬುವ ಕೆಲಸ. ಸಾವಿರ ಒದ್ದೆ ಎಲೆಗೆ ಮಾಡಿಸಿದ್ದಲ್ಲ. ಮೂರು ರಾತ್ರಿ ಕೂತು ಕೊನೆಗೆ ಮುಖಪುಟದ ಕೆಲಸ ಬಿಟ್ಟುಕೊಟ್ಟೆ.

ಹಾಗಾಗಿ "ಫಿಲ್ಟರಾ, ಎಡಿಟಿಂಗಾ?" ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಬೆಳಕು ಸೆನ್ಸರ್ ಮುಟ್ಟಿದ ಮೇಲೆ ತಿದ್ದಲು ಬರುವುದು ಯಾವುದು, ಬರದೇ ಇರುವುದು ಯಾವುದು ಅಂತ ಕೇಳಿ. ಬಣ್ಣ ತಿದ್ದಬಹುದು. ಪ್ರತಿಬಿಂಬ ಮತ್ತು ಸಮಯ (ಶಟರ್ ತೆರೆದಿರುವ ಹೊತ್ತು) ಇವೆರಡು ಕಷ್ಟ.

ಆ ಡಬ್ಬಿಯನ್ನೇ ಬಿಚ್ಚೋಣ. ಯುವಿ, ಸಿಪಿಎಲ್, ಎಫ್‌ಎಲ್‌ಡಿ. ನೇರಳೆ ಬಣ್ಣದ ಎಫ್‌ಎಲ್‌ಡಿ ಟ್ಯೂಬ್‌ಲೈಟಿನ ಕೆಳಗೆ ಫಿಲ್ಮಿಗೆ ಬರುತ್ತಿದ್ದ ಹಸಿರು ಛಾಯೆ ತೆಗೆಯಲು ಇದ್ದದ್ದು. ಈಗ ಫೋಟೋದ ಬಣ್ಣದ ಛಾಯೆ ಸರಿದೂಗಿಸುವ ವೈಟ್ ಬ್ಯಾಲೆನ್ಸ್‌ನ ಟಿಂಟ್ ಸ್ಲೈಡರ್ ಅದನ್ನೇ ಮಾಡುತ್ತದೆ. ಎಸೆಯಿರಿ. 81ಎ, 80ಎ ಬಣ್ಣದ ಗಾಜುಗಳದ್ದೂ ಇದೇ ಕಥೆ. ಕಪ್ಪು ಬಿಳುಪಿಗೆಂದು ಕೆಂಪು ಫಿಲ್ಟರ್ ಹಾಕುವುದಂತೂ ಈಗ ನಷ್ಟವೇ: ಸೆನ್ಸರಿನ ಪಿಕ್ಸೆಲ್‌ಗಳಲ್ಲಿ ಕಾಲು ಭಾಗ ಮಾತ್ರ ಕೆಂಪಿನವು, ಉಳಿದವು ಬಹುಪಾಲು ಕತ್ತಲಲ್ಲಿ ಕೂತಿರುತ್ತವೆ. ಬಣ್ಣದಲ್ಲೇ ತೆಗೆದು ಆಮೇಲೆ ಕೆಂಪು ಚಾನೆಲ್ ಏರಿಸಿಕೊಳ್ಳಿ.

ನೇರಳಾತೀತ ಬೆಳಕು ತಡೆಯುವ ಯುವಿ ಫಿಲ್ಟರಿನ ಕೆಲಸವನ್ನು ಸೆನ್ಸರಿನ ಮುಂದೆ ಮೊದಲೇ ಕೂತಿರುವ ಗಾಜು ಮಾಡುತ್ತದೆ. "ರಕ್ಷಣೆಗೆ ಸಾರ್" ಅನ್ನುತ್ತಾರೆ. ಮರವಂತೆ, ಕಾರವಾರದ ಕಡಲ ತೀರದಲ್ಲಿ ಉಪ್ಪಿನ ಹನಿ ಹಾರುವಾಗ ಹಾಕಿ, ಒಪ್ಪುತ್ತೇನೆ. ಉಳಿದ ಕಡೆ ಪೆಟ್ಟಿನಿಂದ ಕಾಪಾಡಲು ಲೆನ್ಸ್ ಹುಡ್ (ಲೆನ್ಸಿನ ಮುಂದೆ ಕೂರುವ ಕೊಳವೆಯಂಥ ಮರೆ) ಸಾಕು. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ತೆಗೆಯಲು ಹೋದಾಗ ಮಾತ್ರ ಮರೆಯದೆ ಫಿಲ್ಟರ್ ಬಿಚ್ಚಿಡಿ. ಚಪ್ಪಟೆ ಗಾಜಿಗೂ ಸೆನ್ಸರಿಗೂ ನಡುವೆ ಬೆಳಕು ಪುಟಿದು, ಕಪ್ಪು ಆಕಾಶದಲ್ಲಿ ತಲೆಕೆಳಗಾದ ಹಸಿರು ದೀಪಗಳ ಸಾಲು ಮೂಡುತ್ತದೆ. ಅದನ್ನು ಒಂದೊಂದಾಗಿ ಒರೆಸುತ್ತಾ ಕೂರುವುದು ಬೇಡ.

ಉಳಿದದ್ದು ಸಿಪಿಎಲ್. ಇಲ್ಲೂ ಒಂದು ಮಾತು: ಇದನ್ನು ಆಕಾಶ ನೀಲಿ ಮಾಡಲು ಕೊಳ್ಳಬೇಡಿ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಮಾತ್ರ ಅದರ ಪರಿಣಾಮ ಪೂರ್ತಿ. 18 ಎಂಎಂನಲ್ಲಿ (ನಿಮ್ಮ ಲೆನ್ಸಿನ ಅತಿ ಅಗಲದ ನೋಟ) ಆಕಾಶದ ಅಷ್ಟಗಲ ಹಿಡಿದಾಗ ನಡುವೆ ಕಡುನೀಲಿ ಪಟ್ಟೆ, ಎರಡು ಕಡೆ ಪೇಲವ. ಆಕಾಶಕ್ಕೆ ಲೈಟ್‌ರೂಮೇ ವಾಸಿ, ನೀಲಿಯ ಲೂಮಿನೆನ್ಸ್ ಇಳಿಸಿದರೆ ಮುಗಿಯಿತು. ಸಿಪಿಎಲ್ ಒದ್ದೆ ಎಲೆಗೆ, ನೀರಿಗೆ, ಮಳೆ ಬಿದ್ದ ರಸ್ತೆಗೆ, ಕಾರಿನ ಗಾಜಿಗೆ. ಸ್ಟೀಲು, ಹಿತ್ತಾಳೆ ಹೊಳಪಿಗೆ ನಾಟುವುದಿಲ್ಲ, ಲೋಹದ ಪ್ರತಿಫಲನ ಬೇರೆ ಜಾತಿಯದು. ನೀರನ್ನು ನೆಟ್ಟಗೆ ಮೇಲಿನಿಂದ ನೋಡಿದರೂ ಉಪಯೋಗವಿಲ್ಲ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಅತಿ ಹೆಚ್ಚು. ಮತ್ತೆ ಜೋಗಕ್ಕೋ ಮತ್ತೊಂದು ಜಲಪಾತಕ್ಕೋ ಹೋಗಿ ಕಾಮನಬಿಲ್ಲು ಕಂಡರೆ ಉಂಗುರ ನೋಡಿಕೊಂಡು ತಿರುಗಿಸಿ. ಕಾಮನಬಿಲ್ಲಿನ ಬೆಳಕೂ ಪೋಲರೈಸ್ ಆದದ್ದೇ, ಕಣ್ಣೆದುರೇ ಮಾಯ ಮಾಡಿಬಿಡುತ್ತದೆ.

ನನ್ನ ತಪ್ಪಿಗೆ ನಾನು ಕಂಡುಕೊಂಡ ಮದ್ದು ಒಂದು ಚುಕ್ಕೆ ಬಿಳಿ ನೇಲ್ ಪಾಲಿಶ್. ಸಾರಿಸಿದ ಒದ್ದೆ ನೆಲವನ್ನು ಓರೆಯಾಗಿ ನೋಡುತ್ತಾ, ಕ್ಯಾಮೆರಾ ಅಡ್ಡ ಹಿಡಿದು ಉಂಗುರ ತಿರುಗಿಸಿ. ಹೊಳಪು ಪೂರ್ತಿ ಅಡಗಿದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಉಂಗುರದ ನೆತ್ತಿಯ ಮೇಲೆ, ಗಡಿಯಾರದ 12 ಇರುವ ಕಡೆ, ಚುಕ್ಕೆ ಇಡಿ. ನೀರಿನ ಮುಂದೆ ನಿಂತಾಗ ಚುಕ್ಕೆ ಮೇಲಿರಬೇಕು, ಅಷ್ಟೇ. ಕ್ಯಾಮೆರಾ ಉದ್ದ ಮಾಡಿದಾಗ ಅದು 3ಕ್ಕೋ 9ಕ್ಕೋ ಜಾರುತ್ತದೆ, ಮತ್ತೆ ನೆತ್ತಿಗೆ ತನ್ನಿ. ಎಲೆಗಳು ನೂರು ದಿಕ್ಕಿಗೆ ಮುಖ ಮಾಡಿರುವುದರಿಂದ ಅಲ್ಲಿ ಚುಕ್ಕೆಯಿಂದ ಶುರು ಮಾಡಿ ಕಣ್ಣಲ್ಲಿ ನೋಡಿ ಸ್ವಲ್ಪ ಆಚೀಚೆ ಮಾಡಬೇಕು. ನಿಮ್ಮ ಲೆನ್ಸಿನ ಹೆಸರಲ್ಲಿ ಎಸ್‌ಟಿಎಂ (ಫೋಕಸ್ ಮೋಟಾರಿನ ಒಂದು ಬಗೆ) ಇಲ್ಲದಿದ್ದರೆ ಫೋಕಸ್ ಮಾಡುವಾಗ ಅದರ ಮೂತಿಯೇ ತಿರುಗುತ್ತದೆ. ಅದಕ್ಕೆ ಮೊದಲು ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿ, ಆಮೇಲೆ ಪೋಲರೈಸರ್ ಮುಟ್ಟಿ. ಉಂಗುರವನ್ನು ಯಾವತ್ತೂ ಬಿಗಿಯಾಗುವ ದಿಕ್ಕಿಗೇ ತಿರುಗಿಸಿ, ಕ್ಯಾಮೆರಾ ಹಿಂದೆ ನಿಂತವರಿಗೆ ಅದು ಗಡಿಯಾರದ ವಿರುದ್ಧ ದಿಕ್ಕು. ಇನ್ನೊಂದು ಕಡೆ ತಿರುಗಿಸುತ್ತಾ ಹೋದರೆ ಫಿಲ್ಟರೇ ಬಿಚ್ಚಿಕೊಂಡು ಹಳ್ಳಕ್ಕೆ ಬೀಳುತ್ತದೆ. ಬಿಗಿದು ಕೂತರೆ ಬೆರಳಲ್ಲಿ ಹಿಂಡಬೇಡಿ, ಉಂಗುರ ಮೊಟ್ಟೆಯಾಕಾರಕ್ಕೆ ಬಾಗಿ ಇನ್ನೂ ಕಚ್ಚಿಕೊಳ್ಳುತ್ತದೆ. ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಹಿಂದಿನ ಉಂಗುರಕ್ಕೆ ಸುತ್ತಿ ಸುತ್ತಲೂ ಹಗುರವಾಗಿ ಹಿಡಿದು ತಿರುಗಿಸಿ.

ಸಮಯದ ವಿಷಯ, ಅಂದರೆ ಬೆಳಕು ತಗ್ಗಿಸಿ ಶಟರ್ ಹೆಚ್ಚು ಹೊತ್ತು ತೆರೆದಿಡಲು ಬಿಟ್ಟು ನೀರು ನೂಲಿನಂತೆ ಕಾಣಿಸುವ ಎನ್‌ಡಿ ಫಿಲ್ಟರ್. ಮಲೆನಾಡಿನ ಮರದಡಿಯ ಹಳ್ಳಕ್ಕೆ ಬೇಕಾಗಿಲ್ಲ. ಮೋಡದ ದಿನ ಅಲ್ಲಿ ಐಎಸ್‌ಒ 100, ಎಫ್ 8ಕ್ಕೆ ಕಾಲು ಸೆಕೆಂಡ್ ಆಸುಪಾಸು ಬರುತ್ತದೆ, ಸಿಪಿಎಲ್ ತಾನೇ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು) ಬೆಳಕು ತಿನ್ನುತ್ತದೆ, ಮುಕ್ಕಾಲು ಸೆಕೆಂಡಿನ ಹತ್ತಿರ ಆಯಿತು. ಅದಕ್ಕಿಂತ ಉದ್ದ ಹೋದರೆ ನೀರು ಹತ್ತಿಯಾಗುತ್ತದೆ. ಬಿಸಿಲಲ್ಲಿ ಮಾತ್ರ ಲೆಕ್ಕ ಬೇರೆ: ಎಫ್ 11ಕ್ಕೆ 1/200 ಸೆಕೆಂಡ್ ಇದ್ದದ್ದು ಎನ್‌ಡಿ 64 (ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವುದು) ಹಾಕಿದರೆ ಸುಮಾರು 1/3 ಸೆಕೆಂಡ್, ಎನ್‌ಡಿ 1000ಕ್ಕೆ 5 ಸೆಕೆಂಡ್. ಅಗ್ಗದ ಎನ್‌ಡಿ 1000 ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕು) ಸೋರಿಸುತ್ತದೆ. ಎಲೆಗಳು ಅದನ್ನು ಧಾರಾಳವಾಗಿ ಹಿಂದಕ್ಕೆ ಎರಚುವುದರಿಂದ ಹಸಿರು ಕೆಂಪುಮಣ್ಣು ಕಲಸಿದಂತಾಗುತ್ತದೆ, ವೈಟ್ ಬ್ಯಾಲೆನ್ಸ್‌ಗೆ ಬಗ್ಗುವುದಿಲ್ಲ. ಇಲ್ಲಿ ನಿಮ್ಮ ಗೆಳೆಯನಿಗೆ ಅರ್ಧ ಅಂಕ ಕೊಡಬೇಕು: ಟ್ರೈಪಾಡ್ ಅಲುಗಿಸದೆ 1/4 ಸೆಕೆಂಡಿನ 16 ಫೋಟೋ ಸಾಲಾಗಿ ತೆಗೆದು, ಫೋಟೋಶಾಪಲ್ಲಿ ಎಲ್ಲವನ್ನೂ ಒಂದೇ ಪದರಕ್ಕೆ ಸೇರಿಸುವ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಸ್ಟಾಕ್ ಮೋಡ್‌ನಲ್ಲಿ ಮೀನ್ (Mean, ಸರಾಸರಿ) ಆರಿಸಿದರೆ 4 ಸೆಕೆಂಡಿನ ನೀರೇ ಸಿಗುತ್ತದೆ, ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು) ಕೂಡ ಕಮ್ಮಿ. ವಿಡಿಯೋಗೆ ಈ ಉಪಾಯ ನಡೆಯದು. ಸೆಕೆಂಡಿಗೆ 25 ಫ್ರೇಮಿಗೆ 1/50 ಸೆಕೆಂಡಿನ ಶಟರ್ ಇಟ್ಟು ಬಿಸಿಲಲ್ಲಿ ಎಫ್ 4 ಬೇಕೆಂದರೆ ಐಎಸ್‌ಒ 100ರಲ್ಲೂ ಎನ್‌ಡಿ 32 ಬೇಕೇ ಬೇಕು.

ಗ್ರಾಜುಯೇಟೆಡ್ ಎನ್‌ಡಿ (ಮೇಲರ್ಧ ಮಾತ್ರ ಕಪ್ಪಾಗಿರುವ ಗಾಜು) ನಿಮಗೆ ಬೇಡ. ಎರಡು ಸ್ಟಾಪ್ ವ್ಯತ್ಯಾಸದಲ್ಲಿ ಎರಡು ಫೋಟೋ ತೆಗೆದು ಜೋಡಿಸಿ.

ಡಬ್ಬಿ ಅಲ್ಲೇ ಬಿಟ್ಟು ಒಂದೇ ಒಂದು ಒಳ್ಳೆಯ ಸಿಪಿಎಲ್ ತೆಗೆದುಕೊಳ್ಳಿ. ಮುಂದೆ ದೊಡ್ಡ ಲೆನ್ಸ್ ಕೊಳ್ಳುವ ಯೋಚನೆ ಇದ್ದರೆ 77 ಎಂಎಂ ಅಡ್ಡಳತೆಯದ್ದೇ ಕೊಂಡು, ನಿಮ್ಮ ಲೆನ್ಸಿನ 58 ಎಂಎಂ ಬಾಯಿಗೆ ಸ್ಟೆಪ್-ಅಪ್ ರಿಂಗ್ (ದೊಡ್ಡ ಫಿಲ್ಟರನ್ನು ಸಣ್ಣ ಲೆನ್ಸಿಗೆ ಕೂರಿಸುವ ಬಳೆ) ಹಾಕಿ. ಆಗ ಹುಡ್ ಕೂರುವುದಿಲ್ಲ, ಬಿಸಿಲಿಗೆ ಕೈ ಅಡ್ಡ ಹಿಡಿಯಬೇಕು. ದುಡ್ಡು ಕೊಡುವ ಮೊದಲು ಅಂಗಡಿಯವರ ಕ್ಯಾಲ್ಕುಲೇಟರ್ ಕೇಳಿ ಪಡೆಯಿರಿ. ಫಿಲ್ಟರಿನ ಲೆನ್ಸಿಗೆ ತಿರುಗಿಸಿ ಕೂರಿಸುವ ಬದಿ ನಿಮ್ಮ ಕಣ್ಣಿನ ಕಡೆ, ಮುಂಬದಿ ಕ್ಯಾಲ್ಕುಲೇಟರಿನ ಪರದೆ ಕಡೆ ಇರುವ ಹಾಗೆ ಹಿಡಿದು ಉಂಗುರ ತಿರುಗಿಸಿ. ಒಂದು ಕಡೆ ಬಂದಾಗ ಅಂಕಿಗಳ ಸಮೇತ ಪರದೆ ಕಪ್ಪಾಗಬೇಕು. ಫಿಲ್ಟರ್ ಮಗುಚಿ ಹಿಡಿದರೆ ಹಾಗೆ ಪೂರ್ತಿ ಕಪ್ಪಾಗಬಾರದು, ಬಣ್ಣ ತುಸು ಬದಲಾದೀತು ಅಷ್ಟೆ. ಎರಡು ಕಡೆಯಿಂದಲೂ ಕಪ್ಪಾದರೆ ಅದು ಸರ್ಕ್ಯುಲರ್ ಅಲ್ಲದ ಲೀನಿಯರ್ ಪೋಲರೈಸರ್, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನ ಆಟೋಫೋಕಸ್ ತಡವರಿಸಬಹುದು. ಯಾವ ಕಡೆಯಿಂದಲೂ ಕಪ್ಪಾಗಲಿಲ್ಲವೋ, ಅದು ಬರೀ ಬಣ್ಣದ ಗಾಜು, ಕ್ಯಾಲ್ಕುಲೇಟರ್ ಜೊತೆಗೆ ಅದನ್ನೂ ವಾಪಸ್ ಕೊಟ್ಟು ಬನ್ನಿ.