ಸಿ ಡ್ರೈವ್ ತುಂಬಿದೆ, ರಿಸ್ಟೋರ್ ಪಾಯಿಂಟ್ ಅಳಿಸಲಾ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 256 ಜಿಬಿ ಎಸ್‌ಎಸ್‌ಡಿ ಇದೆ. ಸಿ ಡ್ರೈವ್ ಯಾವಾಗಲೂ ಕೆಂಪು. ದೊಡ್ಡ ವಿಡಿಯೋಗಳನ್ನೆಲ್ಲ ಅಳಿಸಿದೆ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ಆದರೂ ಸ್ವಲ್ಪ ದಿನಕ್ಕೇ ಮತ್ತೆ ತುಂಬಿಕೊಳ್ಳುತ್ತದೆ. ಹುಡುಕಿ ನೋಡಿದರೆ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ ಅನ್ನೋ ಫೋಲ್ಡರ್ ಒಂದೇ 35 ಜಿಬಿ ಹಿಡಿದು ಕೂತಿದೆ. ಅದನ್ನು ಅಳಿಸಿಬಿಡಲಾ?

ಉತ್ತರ: ಬೇಡ, ಆ ಫೋಲ್ಡರ್‌ಗೆ ಕೈ ಹಾಕಬೇಡಿ. ಪರ್ಮಿಷನ್ ಬದಲಿಸಿ ಒಳಗೆ ನುಗ್ಗುವ ಉಪಾಯ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಆದರೆ ಅಷ್ಟು ಕಷ್ಟ ಪಡುವ ಅಗತ್ಯವೇ ಇಲ್ಲ. ರಿಸ್ಟೋರ್ ಪಾಯಿಂಟ್‌ಗಳು, ಅಂದರೆ ಏನಾದರೂ ಕೆಟ್ಟರೆ ವಿಂಡೋಸ್ ಅನ್ನು ಹಿಂದಿನ ಸ್ಥಿತಿಗೆ ಒಯ್ಯೋಕೆ ಎತ್ತಿಟ್ಟ ದಾಖಲೆಗಳು, ಇರುವುದು ಅಲ್ಲೇ, ಅವನ್ನು ಹದ್ದುಬಸ್ತಿನಲ್ಲಿ ಇಡೋಕೆ ವಿಂಡೋಸ್‌ನಲ್ಲೇ ದಾರಿ ಇದೆ.

ಮೊದಲು ವಿಡಿಯೋ ಅಳಿಸಿದರೂ ಜಾಗ ಯಾಕೆ ಉಳಿಯಲಿಲ್ಲ ಅಂತ ನೋಡೋಣ. ರಿಸ್ಟೋರ್ ಪಾಯಿಂಟ್ ಮಾಡಿದ ತಕ್ಷಣ ವಿಂಡೋಸ್ ಇಡೀ ಡ್ರೈವ್ ಅನ್ನು ನಕಲು ಮಾಡುವುದಿಲ್ಲ. ಆಮೇಲೆ ಡಿಸ್ಕ್‌ನ ಯಾವುದಾದರೂ ಭಾಗದ ಮೇಲೆ ಹೊಸದು ಬರೆಯುವಾಗ, ಅಲ್ಲಿದ್ದ ಹಳೆಯದನ್ನು ಮೊದಲು ಎತ್ತಿಟ್ಟುಕೊಳ್ಳುತ್ತದೆ. ನೀವು ಅಳಿಸಿದ ವಿಡಿಯೋ ಇದ್ದ ಜಾಗದಲ್ಲಿ ಹೊಸ ಫೈಲ್ ಬಂದು ಕೂತಾಗಲೂ ಇದೇ ಆಗಬಹುದು. ಅಂದರೆ ವಿಡಿಯೋ ನಿಮ್ಮ ಕಣ್ಣಿಗೆ ಕಾಣದಿದ್ದರೂ ಅದರ ಭಾರ ಆ ಫೋಲ್ಡರ್‌ಗೆ ವರ್ಗ ಆಗುತ್ತಾ ಹೋಗುತ್ತದೆ! ದೊಡ್ಡ ಅಪ್‌ಡೇಟ್ ಬಂದ ಮೇಲೆ ಅದು ಇದ್ದಕ್ಕಿದ್ದ ಹಾಗೆ ದಪ್ಪ ಆಗುವುದೂ ಇದೇ ಕಾರಣಕ್ಕೆ.

ಈಗ ಕೆಲಸಕ್ಕೆ ಬರೋಣ. ಸರ್ಚ್‌ನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಟೈಪ್ ಮಾಡಿ, ಸಿಸ್ಟಮ್ ಪ್ರೊಟೆಕ್ಷನ್ ಟ್ಯಾಬ್ ತೆರೆದುಕೊಳ್ಳುತ್ತದೆ. ಸಿ ಡ್ರೈವ್ ಆರಿಸಿ ಕಾನ್ಫಿಗರ್ ಒತ್ತಿ. ಈಗ ಎಷ್ಟು ಜಾಗ ಬಳಕೆಯಾಗಿದೆ ಅಂತ ಅಲ್ಲೇ ಕಾಣುತ್ತದೆ, ಕೆಳಗೆ ಮ್ಯಾಕ್ಸ್ ಯೂಸೇಜ್ ಅನ್ನೋ ಸ್ಲೈಡರ್ ಇರುತ್ತದೆ. ನಿಮ್ಮ ಡಿಸ್ಕ್‌ಗೆ 5 ಪರ್ಸೆಂಟ್, ಅಂದರೆ ಹತ್ತು ಹನ್ನೆರಡು ಜಿಬಿ, ಧಾರಾಳ ಸಾಕು. ಅಪ್ಲೈ ಮಾಡಿದರೆ ಆ ಮಿತಿಯಲ್ಲಿ ಹಿಡಿಸದ ಹಳೆಯ ಪಾಯಿಂಟ್‌ಗಳು ಹೋಗುತ್ತವೆ. ಮುಂದೆಯೂ ಅಷ್ಟೆ, ಮಿತಿ ತುಂಬಿದಾಗ ಎಲ್ಲಕ್ಕಿಂತ ಹಳೆಯದು ತಾನಾಗೇ ಜಾಗ ಬಿಡುತ್ತದೆ.

ಅಲ್ಲೇ ಡಿಲೀಟ್ ಅನ್ನೋ ಬಟನ್ ಕೂಡ ಇದೆ, ಸುಮ್ನೆ ಒತ್ತಬೇಡಿ. ಇದು ಬೇಕು ಅದು ಬೇಡ ಅಂತ ಆರಿಸೋಕೆ ಅದು ಬಿಡುವುದಿಲ್ಲ, ಆ ಡ್ರೈವ್‌ನ ಎಲ್ಲ ಪಾಯಿಂಟ್‌ಗಳನ್ನೂ ಒಂದೇ ಸಲಕ್ಕೆ ಗುಡಿಸಿ ಹಾಕುತ್ತದೆ. ಕೊನೆಯದೊಂದು ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆಯಬೇಕಾದರೆ ಡಿಸ್ಕ್ ಕ್ಲೀನಪ್ ತೆರೆದು, ಕ್ಲೀನಪ್ ಸಿಸ್ಟಮ್ ಫೈಲ್ಸ್ ಒತ್ತಿ, ಮೋರ್ ಆಪ್ಷನ್ಸ್ ಟ್ಯಾಬ್‌ಗೆ ಹೋಗಿ. ಪಾಯಿಂಟ್‌ಗಳನ್ನು ಮಾಡುವ ಸಿಸ್ಟಮ್ ಪ್ರೊಟೆಕ್ಷನ್ ಅನ್ನೇ ಆಫ್ ಮಾಡಿದರೂ ಇದ್ದ ಪಾಯಿಂಟ್‌ಗಳೆಲ್ಲ ಹೋಗುತ್ತವೆ, ಹಾಗಾಗಿ ಸಿ ಡ್ರೈವ್‌ಗೆ ಅದು ಬೇಡ. ಬರೀ ಫೋಟೋ, ಹಾಡು ಇರುವ ಡಿ ಡ್ರೈವ್‌ಗೆ ಆನ್ ಆಗಿದ್ದರೆ ಧೈರ್ಯವಾಗಿ ಆಫ್ ಮಾಡಿ. ಅಲ್ಲಿ ಅದರಿಂದ ಆಗೋ ಉಪಕಾರ ಕಡಿಮೆ, ತಿನ್ನೋ ಜಾಗ ಜಾಸ್ತಿ.

ಪ್ರಶ್ನೆ: ಡ್ರೈವರ್ ಅಪ್‌ಡೇಟ್ ಆದ ಮೇಲೆ ನನ್ನ ಕಂಪ್ಯೂಟರ್‌ನಲ್ಲಿ ಸೌಂಡ್ ಬರುತ್ತಿಲ್ಲ. ಹಿಂದಿನ ವಾರದ ಪಾಯಿಂಟ್‌ಗೆ ರಿಸ್ಟೋರ್ ಮಾಡಿದರೆ ಈ ವಾರ ಹಾಕಿದ ಫೋಟೋಗಳು ಹೋಗುತ್ತವಾ?

ಉತ್ತರ: ಹೋಗುವುದಿಲ್ಲ. ರಿಸ್ಟೋರ್ ಹಿಂದಕ್ಕೆ ಒಯ್ಯುವುದು ಸಿಸ್ಟಮ್ ಫೈಲ್, ಡ್ರೈವರ್, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ), ಪ್ರೋಗ್ರಾಮ್‌ಗಳನ್ನು. ಈ ವಾರ ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್ ಹೋಗಬಹುದು. ಅದಕ್ಕೇ ಪಾಯಿಂಟ್ ಆರಿಸಿದ ಮೇಲೆ ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಒತ್ತಿ ನೋಡಿ, ಏನೇನು ಹೋಗುತ್ತದೆ ಅಂತ ಪಟ್ಟಿ ಕೊಡುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಕೊಂಡೇ ಶುರು ಮಾಡಿ, ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ. ಇನ್ನೊಂದು ಮಾತು, ತಪ್ಪಿ ಅಳಿಸಿದ ಫೋಟೋ ಇದರಿಂದ ವಾಪಸ್ ಬರುತ್ತದೆ ಅಂತ ಕಾಯಬೇಡಿ. ಅದಕ್ಕೆ ಬೇರೆ ಡಿಸ್ಕ್‌ನಲ್ಲಿ ಬ್ಯಾಕಪ್ ಇರಬೇಕು.

ಪ್ರಶ್ನೆ: ಕಷ್ಟಪಟ್ಟು ಮಾಡಿಟ್ಟ ರಿಸ್ಟೋರ್ ಪಾಯಿಂಟ್ ಕೆಲವು ತಿಂಗಳ ನಂತರ ನೋಡಿದರೆ ಇಲ್ಲವೇ ಇಲ್ಲ! ವೈರಸ್ ಏನಾದರೂ ಇರಬಹುದಾ?

ಉತ್ತರ: ವೈರಸ್ಸೇ ಆಗಬೇಕು ಅಂತಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿ ಇದ್ದರೆ, 2025ರ ಜೂನ್ ಅಪ್‌ಡೇಟ್ ನಂತರ ಪಾಯಿಂಟ್‌ಗಳನ್ನು 60 ದಿನದವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. ಅದಕ್ಕೂ ಮೊದಲೇ ಹೋಗಿದ್ದರೆ ಮ್ಯಾಕ್ಸ್ ಯೂಸೇಜ್ ತೀರಾ ಕಡಿಮೆ ಇದೆಯಾ ನೋಡಿ, ಪ್ರೊಟೆಕ್ಷನ್ ಆನ್ ಇದೆಯಾ ಅಂತಲೂ ಖಾತ್ರಿ ಮಾಡಿಕೊಳ್ಳಿ. ತಿಂಗಳುಗಟ್ಟಲೆ ಹಳೆಯ ಪಾಯಿಂಟ್ ಇದ್ದರೂ ನಾನಾದರೆ ಬಳಸುವುದಿಲ್ಲ, ಅಷ್ಟು ಹಿಂದೆ ಹೋದರೆ ನಡುವೆ ಬಂದ ಸೆಕ್ಯುರಿಟಿ ಅಪ್‌ಡೇಟ್‌ಗಳೂ ಹೋಗಬಹುದು. ಹೊಸ ಡ್ರೈವರ್ ಹಾಕುವ ಮುಂಚೆ ಅದೇ ಟ್ಯಾಬ್‌ನಲ್ಲಿ ಕ್ರಿಯೇಟ್ ಒತ್ತಿ, ಯಾಕೆ ಮಾಡಿದ್ದು ಅಂತ ಗೊತ್ತಾಗೋ ಹಾಗೆ ಒಂದು ಹೆಸರು ಕೊಡಿ. ಒಂದೆರಡು ನಿಮಿಷದ ಕೆಲಸ.